ನೀಲಿಕಣ್ಣಿಯ ತಗಡು

ಶೇಂಗಾ ಎಣ್ಣೆಯ ಡಬ್ಬಿ ಕತ್ತರಿಸಿ ಮಾಡಿದ ತಗಡಿನಲ್ಲಿ ಇಷ್ಟು ವರ್ಷಗಳ ಮೇಲೂ ಎಣ್ಣೆಯ ಕಮಟು ವಾಸನೆ ಉಳಿದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹೋದ ವಾರ ಗೊತ್ತಾಯಿತು. ಮಹಾರಾಷ್ಟ್ರದ ಗಡಿಯೊಳಗಿನ ನಮ್ಮೂರ ಕನ್ನಡ ಶಾಲೆಯ ಈಗಿನ ಮುಖ್ಯೋಪಾಧ್ಯಾಯಿನಿ ಸ್ಕೂಟಿಯ ಮುಂದೆ ಒಂದು ಗೋಣಿಚೀಲ ಇಟ್ಟುಕೊಂಡು ಮನೆಗೆ ಬಂದಳು. ಒಂದು ಕಾಲದಲ್ಲಿ ನನ್ನ ಕೈಯಲ್ಲೇ ವಿಜ್ಞಾನ ಕಲಿತವಳು. ಎದುರಿಗೆ ಬಹುವಚನ ಬಳಸುತ್ತೇನೆ, ಮನಸ್ಸಿನಲ್ಲಿ ಮಾತ್ರ ಆಕೆ ಇನ್ನೂ ಎರಡನೇ ಬೆಂಚಿನ ಹುಡುಗಿ.

"ಹಳೇ ಖೋಲಿ ಚಾವಣಿ ಪತ್ರಾ ತಗಸಾಕತ್ತಿದ್ವಿರಿ ಸರ. ಅಟ್ಟದ ಮ್ಯಾಲ ಇದು ಸಿಕ್ತು. ಡ್ರಾಯಿಂಗ್ ಸರ್‌ವು," ಎಂದಳು. "ಬರೋಬರಿ ಅದಾವೇನ ಒಮ್ಮಿ ನೋಡ್ರಿ. ಮತ್ತ ಗಿಡಗೋಳಿಗೆ ಹಚ್ಚಬೇಕಂತ ಮಾಡೇನಿ."

ಚೀಲಕ್ಕೆ ಕೈಹಾಕಿ ಮೇಲಿನದೊಂದನ್ನು ತೆಗೆದು ನನ್ನ ಕೈಗಿಟ್ಟಳು. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರ. ‘ತುಂಬೆ. ಲ್ಯೂಕಾಸ್ ಆಸ್ಪೆರಾ. ಬೆಳ್ಳಗಿನದು, ಮೈ ಒರಟಿನದು.’ ಅಂಚಿಗೆ ತುಕ್ಕು ಹಿಡಿದಿತ್ತು, ಅಕ್ಷರಕ್ಕೆ ಏನೂ ಆಗಿರಲಿಲ್ಲ. ಆ ಕಮಟು ಮೂಗಿಗೆ ಬಡಿದದ್ದೇ ತಡ, ನನ್ನ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಆ ಮನುಷ್ಯ ಸತ್ತೇ ಎಂಟೊಂಬತ್ತು ವರ್ಷ ಆಯಿತು. ಸತ್ತವರ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಎಂದು ಕೇಳಬೇಡಿ. ಪಡುತ್ತಾರೆ. ನಾನು ಪಡಸಾಲೆಯಲ್ಲಿ ಕುಳಿತು, ಆಕೆಯ ಎದುರಿಗೆ ಚಹಾ ಕುಡಿಯುತ್ತ, ನಗುನಗುತ್ತ ಪಟ್ಟೆ.

"ಇಟ್ಟು ಹೋಗ್ರಿ, ನೋಡ್ತೀನಿ," ಎಂದೆ. ಮೂರು ದಿನ ಆ ಚೀಲ ಬಾಗಿಲ ಸಂದಿಯಲ್ಲೇ ಇತ್ತು. ನಾನು ಮುಟ್ಟಲಿಲ್ಲ.

ನಾನು ಈ ಊರಿಗೆ ವಿಜ್ಞಾನದ ಶಿಕ್ಷಕನಾಗಿ ಬಂದಾಗ ಸುತ್ತಲಿನ ನಾಲ್ಕು ಹಳ್ಳಿಯಲ್ಲಿ ಸಸ್ಯಶಾಸ್ತ್ರದ ಡಿಗ್ರಿ ಇದ್ದವನು ನಾನೊಬ್ಬನೇ. ಅದರ ಗತ್ತು ನನಗೆ ಇತ್ತು, ಸುಳ್ಳು ಯಾಕೆ ಹೇಳಲಿ. ಬೇವಿನ ಗಿಡದ ಕೆಳಗೆ ನಿಂತು ‘ಅಜಾಡಿರಾಕ್ಟಾ ಇಂಡಿಕಾ’ ಎಂದರೆ ಬಸ್ಸಿಗೆ ಕಾಯುತ್ತಿದ್ದ ಹೆಂಗಸರೂ ತಿರುಗಿ ನೋಡುತ್ತಿದ್ದರು. ಅದೇ ವರ್ಷ ಬಂದವರು ಡ್ರಾಯಿಂಗ್ ಮಾಸ್ತರರು. ಉಟಗಿಯ ಕಡೆಯವರು, ಕುರಿ ಸಾಕಿದ ಮನೆತನ. ಚಿತ್ರಕಲೆಯ ಕೋರ್ಸು ಮಾಡುವ ಮೊದಲು ಜೀಪುಗಳ ನಂಬರ್ ಪ್ಲೇಟು ಬರೆದು ಹೊಟ್ಟೆ ಹೊರೆದವರು. ತೆಳ್ಳನೆಯ ಆಳು. ಬೆರಳಿನ ಸಂದಿಯಲ್ಲಿ ಯಾವಾಗಲೂ ಬಣ್ಣ. ನನಗಿಂತ ಆರು ವರ್ಷ ದೊಡ್ಡವರಾದರೂ ನನ್ನನ್ನು ‘ಗುರುಗಳ’ ಎಂದೇ ಕರೆಯುತ್ತಿದ್ದರು. ಮೊದಮೊದಲು ಅದು ನನಗೆ ಭಾಳ ಸೇರುತ್ತಿತ್ತು.

ತಗಡಿನ ವಿಚಾರ ಮೊದಲು ಹೊಳೆದದ್ದು ನನಗೆ. ಇದನ್ನು ಯಾರೂ ಈಗ ನೆನಪಿಟ್ಟಿಲ್ಲ, ಆದ್ದರಿಂದ ನಾನೇ ಹೇಳಬೇಕು. ಶಾಲೆಯ ಅಂಗಳದ ಗಿಡಗಳಿಗೆ ಶಾಸ್ತ್ರೀಯ ಹೆಸರಿನ ಫಲಕ ಹಾಕೋಣ ಎಂದು ಹೆಡ್‌ಮಾಸ್ತರರಿಗೆ ಹೇಳಿದವನು ನಾನು. ಬೇವು, ಹುಣಸೆ, ಜಾಲಿ, ಎಕ್ಕೆ, ತುಂಬೆ ಎಂದು ಯಾದಿ ಮಾಡಿ ಲ್ಯಾಟಿನ್ ಹೆಸರು ಬರೆದುಕೊಟ್ಟವನೂ ನಾನೇ. ಮಾಸ್ತರರು ಅಂಗಡಿಯಿಂದ ಖಾಲಿ ಡಬ್ಬಿ ತಂದು, ಕತ್ತರಿಸಿ, ಬಡಿದು ಸಪಾಟು ಮಾಡಿ ಬರೆಯತೊಡಗಿದರು. ಅವರದು ಬರೀ ಕೈಕೆಲಸ, ವಿದ್ಯೆ ನನ್ನದು. ಹಾಗಂದುಕೊಂಡು ಆರಾಮ ಇದ್ದೆ.

ಒಂದು ದಿನ ಬ್ರಶ್ ಹಿಡಿದುಕೊಂಡೇ ಸ್ಟಾಫ್ ರೂಮಿಗೆ ಬಂದರು.

"ಗುರುಗಳ, ಈ ಅಜಾಡಿರಾಕ್ಟಾ ಅಂದ್ರ ಏನ್ರಿ?"

"ಬೇವು."

"ಅದು ಗೊತ್ತೈತ್ರಿ. ಹಂಗಲ್ಲ, ಆ ಶಬ್ದಕ್ಕ ಅರ್ಥ ಏನು? ಯಾರೋ ಏನೋ ವಿಚಾರ ಮಾಡೇ ಇಟ್ಟಿರಬೇಕಲ್ರಿ. ಅರ್ಥ ತಿಳೀಲಾರದ ಅಕ್ಷರ ಬರದ್ರ ಕೈ ಹರಿಯೂದಿಲ್ರಿ ನನಗ."

ನನಗೆ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ನಾವು ಆ ಹೆಸರುಗಳನ್ನು ಮಗ್ಗಿಯ ಹಾಗೆ ಉರು ಹೊಡೆದವರು. ಅರ್ಥ ಇರಬಹುದು ಎಂಬ ವಿಚಾರವೇ ನನಗೆ ಬಂದಿರಲಿಲ್ಲ. ಜೀಪಿನ ನಂಬರು ಬರೆಯುತ್ತಿದ್ದ ಮನುಷ್ಯನಿಗೆ ಬಂತು! "ಹೆಸರಿಗೆಲ್ಲ ಅರ್ಥ ಇರೂದಿಲ್ರಿ ಮಾಸ್ತರ್ರ. ಸುಮ್ನ ಬರೀರಿ," ಎಂದು ವಹಿಯಲ್ಲಿ ಮುಖ ಹುದುಗಿಸಿದೆ.

ಅವರು ಸುಮ್ಮನೆ ಬರೆಯುವ ಪೈಕಿ ಆಗಿರಲಿಲ್ಲ. ಆ ರವಿವಾರ ಎಸ್.ಟಿ. ಬಸ್ ಹತ್ತಿ ಮಿರಜಕ್ಕೆ ಹೋದರು. ಅಲ್ಲಿ ಲ್ಯಾಟಿನ್, ಗ್ರೀಕ್ ಬಲ್ಲ ಒಬ್ಬ ಮುದುಕ ಪಾದ್ರಿ ಇದ್ದಾರೆಂದು ಯಾರೋ ಹೇಳಿದ್ದರಂತೆ. ಪಾದ್ರಿ ಅಜ್ಜನಿಗೂ ಇವರಿಗೂ ಒಂದು ಕರಾರಾಯಿತು. ಅಲ್ಲಿಯ ಗೋರಿಗಳ ಮೇಲೆ ಮಾಸಿದ ಹೆಸರುಗಳಿಗೆ ಇವರು ಹೊಸದಾಗಿ ಬಣ್ಣ ತುಂಬಿಕೊಡಬೇಕು, ಅವರು ಇವರ ಚೀಟಿಯಲ್ಲಿದ್ದ ಶಬ್ದಗಳನ್ನು ಬಿಡಿಸಿ ಹೇಳಬೇಕು. ತಿಂಗಳಿಗೆ ಒಂದೆರಡು ರವಿವಾರ ಹೀಗೇ ನಡೆಯಿತು. ಪಾದ್ರಿ ಅಜ್ಜ ಕೈಚೆಲ್ಲಿದ ಹೆಸರುಗಳನ್ನು ಹಿಡಿದುಕೊಂಡು, ಅತ್ತರು ಮಾರುವ, ಫಾರಸಿ ಬಲ್ಲ ಜತ್ತದ ಅತ್ತಾರ ಚಾಚಾನ ಅಂಗಡಿಗೆ ಹೋಗುತ್ತಿದ್ದರು. ಬೇವಿನ ಗುಟ್ಟು ಬಿಚ್ಚಿಕೊಟ್ಟದ್ದು ಆ ಚಾಚಾ. ಅದು ಲ್ಯಾಟಿನ್ ವೇಷ ತೊಟ್ಟ ಫಾರಸಿಯಂತೆ. ಆಜಾದ್ ದರಖ್ತ್, ಯಾರ ಹಂಗೂ ಇಲ್ಲದ ಗಿಡ. ಹುಣಸೆಯ ‘ಟ್ಯಾಮರಿಂಡಸ್’ ಅರಬರ ತಮರ್-ಹಿಂದಿ, ಹಿಂದೂಸ್ತಾನದ ಖರ್ಜೂರ.

ಮಕ್ಕಳು ಹುಚ್ಚಾದರು. ಬೇರೆ ಏನು ಹೇಳಲಿ? ಊಟದ ಬಿಡುವಿನಲ್ಲಿ ಅವರ ಸುತ್ತ ಗುಂಪು. ಒಂದೊಂದು ತಗಡು ಮೊಳೆ ಹೊಡೆದು ಹಚ್ಚುವಾಗ ಅವರು ಅದರ ಕತೆ ಹೇಳುತ್ತಿದ್ದರು. ನೆಗ್ಗಿಲ ಮುಳ್ಳಿಗೆ ‘ಟ್ರಿಬ್ಯುಲಸ್’ ಎನ್ನುತ್ತಾರೆ, ಹಳೆಯ ಕಾಲದ ದಂಡಿನವರು ವೈರಿಯ ಕುದುರೆಗಳ ಕಾಲಿಗೆ ಚುಚ್ಚಲೆಂದು ದಾರಿಯಲ್ಲಿ ಚೆಲ್ಲುತ್ತಿದ್ದ ಮೂರು ಮೊನೆಯ ಕಬ್ಬಿಣದ ಹೆಸರದು. ಮಾರನೇ ದಿನ ಎರಡನೇ ಬೆಂಚಿನ ಹುಡುಗಿ, ಅದೇ ಈಗಿನ ಮುಖ್ಯೋಪಾಧ್ಯಾಯಿನಿ, ಕುಂಟುತ್ತ ಬಂದಳು. ಯಾಕೆ ತಡ ಎಂದರೆ, "ಟ್ರಿಬ್ಯುಲಸ್ ಚುಚ್ಚೇತ್ರಿ ಸರ, ನಮ್ಮ ಕುದುರಿ ಬಿತ್ತು!" ಎಂದಳು. ಇಡೀ ವರ್ಗ ನಕ್ಕಿತು. ನಾನು ನಗಲಿಲ್ಲ. ನನ್ನ ಐದು ವರ್ಷದ ಪಾಠದಲ್ಲಿ ಒಂದೇ ಒಂದು ಲ್ಯಾಟಿನ್ ಹೆಸರು ಯಾವ ಮಗುವಿನ ಬಾಯಲ್ಲೂ ಹೀಗೆ ಆಡಿರಲಿಲ್ಲ.

ಅದೇ ವಾರ ಹೂವಿನ ಭಾಗಗಳ ಪಾಠ ನಡೆದಾಗ ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತ.

"ಸರ, ಜ್ವಾಳಕ್ಕ ಸೋರ್ಗಂ ಬೈಕಲರ್ ಅಂತ ಬರ್ಸೀರಿ. ಬೈಕಲರ್ ಅಂದ್ರ ಏನ್ರಿ?"

ಎರಡು ಬಣ್ಣ ಎಂದು ಯಾವ ದಡ್ಡನಾದರೂ ಹೇಳುತ್ತಿದ್ದ. ಆ ಕ್ಷಣ ನನಗೆ ಅದೂ ಹೊಳೆಯಲಿಲ್ಲ, ಅಷ್ಟು ಸಿಟ್ಟು ಬಂದಿತ್ತು. "ಪರೀಕ್ಷೆಗೆ ಬರೂದಿಲ್ಲ, ಕುಂದ್ರು," ಎಂದೆ. ಅವನು ಕುಳಿತು ಪಕ್ಕದವನಿಗೆ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. "ಡ್ರಾಯಿಂಗ್ ಸರ್‌ಗ ಕೇಳೂಣು ತಗೋ."

ಅಲ್ಲಿಂದ ಶುರುವಾಯಿತು ನನ್ನ ಹೊಟ್ಟೆಕಿಚ್ಚು. ಅವರು ಬಣ್ಣ ಕಲಸುವುದು ಕಂಡರೆ ಉರಿ. ಅವರು ಕೆಮ್ಮಿದರೆ ಉರಿ. ನಮ್ಮ ಮನೆಯವಳು ಒಂದು ದಿನ, "ಆ ಮಾಸ್ತರ್ರು ಬಿಲ್ವಪತ್ರಿ ಹೆಸರಿನ ಕತಿ ಎಷ್ಟ ಚಂದ ಹೇಳಿದ್ರು ಗೊತ್ತೇನು?" ಎಂದಾಗ ಊಟದ ತಾಟು ಸರಿಸಿ ಎದ್ದೆ. ಆಮೇಲೆ ನಾನೂ ರವಿವಾರ ಬಸ್ ಹತ್ತತೊಡಗಿದೆ. ಮನೆಯಲ್ಲಿ ಏನೋ ನೆಪ ಹೇಳಿ ಸಾಂಗ್ಲಿಗೆ ಹೋಗಿ, ನಾನು ಓದಿದ ಕಾಲೇಜಿನ ಲೈಬ್ರರಿಯಲ್ಲಿ ದಪ್ಪ ದಪ್ಪ ಪುಸ್ತಕ ತೆಗೆದು ಕೂರುತ್ತಿದ್ದೆ. ಕಲಿಯುವ ಆಸೆಯಿಂದಲ್ಲ. ಅವರ ಒಂದಾದರೂ ತಪ್ಪು ಹಿಡಿಯಬೇಕು, ಅಷ್ಟೇ. ಒಂದೂ ಸಿಗಲಿಲ್ಲ. ಪಾದ್ರಿ ಅಜ್ಜನೂ ಚಾಚಾನೂ ಇಬ್ಬರೂ ಸರಿಯಾಗಿಯೇ ಹೇಳಿದ್ದರು.

ಒಂದು ರವಿವಾರ ಮಾತ್ರ ಅವರ ತಗಡಿನಲ್ಲಿ ಇನ್ನೂ ಬಾರದ ಒಂದು ಹೆಸರು ಕಣ್ಣಿಗೆ ಬಿತ್ತು. ಕಮೆಲಿನಾ ಬೆಂಗಾಲೆನ್ಸಿಸ್. ನಮ್ಮ ಹೊಲದವರು ಕೇನಾ ಎಂದು ಮರಾಠಿ ಹೆಸರಿನಿಂದಲೇ ಕರೆಯುವ ಕಳೆ. ಬೆಳಿಗ್ಗೆ ಪುಟ್ಟ ನೀಲಿ ಹೂವು ಬಿಡುತ್ತದೆ, ಮಧ್ಯಾಹ್ನಕ್ಕೆ ಬಾಡುತ್ತದೆ. ಮೇಲೆ ಎರಡು ದೊಡ್ಡ ನೀಲಿ ಎಸಳು. ಕೆಳಗೆ ಮೂರನೆಯದೊಂದು, ಸಣ್ಣದು, ಬಣ್ಣ ಹೋದದ್ದು. ಕಮೆಲಿನಾ ಎಂಬುದು ಒಂದು ಮನೆತನದ ಹೆಸರು ಎಂದು ಪುಸ್ತಕ ಹೇಳಿತು. ದೂರದ ದೇಶದಲ್ಲಿ ಆ ಮನೆತನದ ಇಬ್ಬರು ಸಸ್ಯಶಾಸ್ತ್ರದಲ್ಲಿ ದೊಡ್ಡ ಹೆಸರು ಮಾಡಿದರು, ಮೂರನೆಯವನು ಏನೂ ಸಾಧಿಸದೆ ತೀರಿಹೋದ. ಗಿಡಕ್ಕೆ ಹೆಸರಿಟ್ಟವನು ಈ ಹೂವನ್ನು ಕಂಡು ಆ ಮೂವರನ್ನು ನೆನೆದನಂತೆ. ಆ ಪುಟವನ್ನು ಮೂರು ಸಲ ಓದಿದೆ. ನನಗೆ ಆ ಮೂರನೆಯವನ ಬಗ್ಗೆ ಕನಿಕರ ಬರಬೇಕಿತ್ತು. ಬರಲಿಲ್ಲ. ಇದು ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು ಎಂದು ಖುಷಿಯಾಯಿತು.

ಆ ವರ್ಷ ಜತ್ತದಲ್ಲಿ ತಾಲೂಕಿನ ವಿಜ್ಞಾನ ಪ್ರದರ್ಶನ. ಪ್ರತಿ ವರ್ಷ ನಮ್ಮ ಶಾಲೆಯಿಂದ ನಾನು ಹೋಗುತ್ತಿದ್ದೆ, ಹೊಗೆಯುಗುಳುವ ಮಣ್ಣಿನ ಜ್ವಾಲಾಮುಖಿ ತೆಗೆದುಕೊಂಡು. ಆ ಸಲ ಹೆಡ್‌ಮಾಸ್ತರರು ಎಲ್ಲರ ಎದುರಿಗೆ, "ಈ ವರ್ಷ ಜ್ವಾಲಾಮುಖಿ ಸಾಕ್ರಿ. ತಗಡು ಒಯ್ಯೂಣು. ಟೇಬಲ್ ಮುಂದ ಡ್ರಾಯಿಂಗ್ ಮಾಸ್ತರ್ರು ನಿಂದರ್ಲಿ, ನೀವ ಜೋಡಿ ಹೋಗ್ರಿ," ಎಂದುಬಿಟ್ಟರು. ವಿಜ್ಞಾನದ ಪ್ರದರ್ಶನ, ಮುಂದೆ ನಿಲ್ಲುವವರು ಡ್ರಾಯಿಂಗಿನವರು, ಹಿಂದೆ ಚೀಲ ಹೊರುವವನು ನಾನು! ಆ ದಿನ ಶಾಲೆಯಿಂದ ಮನೆಗೆ ಹೇಗೆ ಬಂದೆನೋ ನೆನಪಿಲ್ಲ...

ಪ್ರದರ್ಶನಕ್ಕೆ ಎಂಟು ದಿನ ಇರುವಾಗ ಮಾಸ್ತರರು ನಮ್ಮ ಮನೆಗೆ ಬಂದರು. ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಕೇನಾದ ಬಳ್ಳಿ. ಮಕ್ಕಳು ಕಳೆ ತೆಗೆಯುವಾಗ ಕಿತ್ತು ತಂದದ್ದಂತೆ.

"ಗುರುಗಳ, ಇದೊಂದು ಶಬ್ದ ಎಲ್ಲೂ ಬಗೀಹರಿವಲ್ದು. ಬೆಂಗಾಲೆನ್ಸಿಸ್ ಅಂದ್ರ ಬಂಗಾಳದ್ದು ಅಂತ ಪಾದ್ರಿ ಅಜ್ಜಾರು ಹೇಳಿದ್ರು. ಕಮೆಲಿನಾ ನಮ್ಮ ಲ್ಯಾಟಿನ್ ಅಲ್ಲ ಅಂದ್ರು. ಚಾಚಾನ ಕೇಳ್ದ್ರ ಫಾರಸೀನೂ ಅಲ್ಲ ಅಂದ. ನಿಮ್ಮನ್ನ ಬಿಟ್ರ ಇನ್ನ ಯಾರಿಗೆ ಗೊತ್ತಿರತೈತಿ?"

ಆ ಮಾತಿಗಾಗಿ ನಾನು ಎರಡು ವರ್ಷ ಕಾದಿದ್ದೆ. ಬಂದಾಗ ಏನು ಮಾಡಿದೆ ನೋಡಿ. ಪ್ರದರ್ಶನದ ಪರೀಕ್ಷಕರು ಸಾಂಗ್ಲಿಯಿಂದ ಬರುವ ಸಸ್ಯಶಾಸ್ತ್ರದ ಸಾಹೇಬರು ಎಂದು ನನಗೆ ಆಗಲೇ ಗೊತ್ತಿತ್ತು. ಗಂಟಲು ಸರಿಪಡಿಸಿಕೊಂಡು ಹೇಳಿದೆ.

"ಕಮೆಲಿನಾ ಅಂದ್ರ ನೀಲಿ ಕಣ್ಣಿನಾಕಿ."

ಮಾಸ್ತರರು ಬಟ್ಟೆ ಬಿಚ್ಚಿ ಹೂವನ್ನು ನೋಡಿದರು. ಆಮೇಲೆ ಮುಖ ಅರಳಿತು. "ಅಯ್ಯ ನಮ್ಮಪ್ಪ! ಭಾಳ ಚಂದ ಐತಲ್ರಿ. ಬಂಗಾಳದ ನೀಲಿಕಣ್ಣಿ. ಇಷ್ಟ ದಿವಸ ನಿಮ್ಮನ್ನ ಬಿಟ್ಟು ಊರೂರು ತಿರಗಿದೆ ನೋಡ್ರಿ ನಾ," ಎಂದು ನನ್ನ ಕೈ ಹಿಡಿದುಕೊಂಡರು. ಅವರ ಬೆರಳಿನ ಬಣ್ಣ ನನ್ನ ಕೈಗೆ ಹತ್ತಿತು. ಮಾರನೇ ದಿನವೇ ಮಕ್ಕಳಿಗೆ ಹೇಳಿಬಿಟ್ಟರು. ಸಂಜೆಗೆಲ್ಲ ಊರ ಮಕ್ಕಳ ಬಾಯಲ್ಲಿ ಆ ಕಳೆ ನೀಲಿಕಣ್ಣಿ ಆಯಿತು.

ಪ್ರದರ್ಶನದ ದಿನ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತೆವು. ಹಳೆಯ ತಗಡುಗಳನ್ನೆಲ್ಲ ಅವರೇ ಗಿಡದಿಂದ ಬಿಚ್ಚಿ ಚೀಲಕ್ಕೆ ಹಾಕಿದ್ದರು. ಹೊಸದಾದ ಕೇನಾದ ತಗಡನ್ನು ಮಾತ್ರ ಮಾಸ್ತರರು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು, ಬಣ್ಣ ಇನ್ನೂ ಹಸಿ ಐತಿ ಎಂದು. ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಿ ನನಗೆ ಅರ್ಧ ಕೊಟ್ಟರು. ಖಡಕ್ ರೊಟ್ಟಿ, ಅಗಸಿ ಚಟ್ನಿ. ತಿಂದೆ. ಮುಚ್ಚಂಡಿಯ ಸ್ಟಾಪ್ ಬರುವುದರೊಳಗೆ ಹೇಳಿಬಿಡಬೇಕು ಎಂದುಕೊಂಡೆ. ‘ಮಾಸ್ತರ್ರ, ಆ ಒಂದು ತಗಡು ಇಡಬ್ಯಾಡ್ರಿ’ ಎಂದರೆ ಸಾಕಿತ್ತು. ಮುಚ್ಚಂಡಿ ಬಂತು, ಜನ ಇಳಿದರು, ಜನ ಹತ್ತಿದರು. ನಾನು ಕಿಟಕಿಯ ಹೊರಗೆ ನೋಡುತ್ತ ರೊಟ್ಟಿ ಅಗಿಯುತ್ತಿದ್ದೆ.

ಸಾಹೇಬರು ಬೆಳಿಗ್ಗೆ ಹತ್ತೂವರೆಗೆಲ್ಲ ನಮ್ಮ ಟೇಬಲ್ಲಿಗೆ ಬಂದರು. ಮಾತು ಮರಾಠಿಯಲ್ಲಿ, ಕನ್ನಡ ಓದಲೂ ಬರುತ್ತಿತ್ತು. ಒಂದೊಂದೇ ತಗಡು ಓದಿ, ಅರ್ಥ ನೋಡಿ, "ವ್ಹಾ ಮಾಸ್ತರ!" ಎಂದರು. ಸುತ್ತ ಬೇರೆ ಶಾಲೆಯ ಶಿಕ್ಷಕರು, ಮಕ್ಕಳು ನೆರೆದರು. ಬೇವಿನ ತಗಡಿನ ಮುಂದೆ ನಿಂತು ಮಕ್ಕಳಿಗೆ ಜೋರಾಗಿ ಓದಿ ಹೇಳಿದರು. ಕೊನೆಗೆ ಕೇನಾದ ಬಳ್ಳಿ ನೆಟ್ಟಿದ್ದ ಕುಂಡದ ಹತ್ತಿರ ಬಂದರು. ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಗಹಗಹಿಸಿ ನಕ್ಕರು.

ನೀಲಿ ಕಣ್ಣು ಎಂದು ಯಾರು ಹೇಳಿದರು ನಿಮಗೆ, ಎಂದು ಕೇಳಿದರು. ಪಕ್ಕದವರಿಗೆ ತೋರಿಸಲು ತಗಡಿಗೆ ಕೈ ಚಾಚಿದರು. ಅವರ ಕೈ ಮುಟ್ಟುವ ಮೊದಲೇ ಮಾಸ್ತರರು ತಗಡನ್ನು ಎತ್ತಿಕೊಂಡು ಎರಡೂ ಅಂಗೈ ಅಗಲಿಸಿ ಹಿಂಬದಿಗೆ ಅಮುಕಿ ಎದೆಗೆ ಒತ್ತಿ ಹಿಡಿದರು. ಸಾಹೇಬರು "ಕೊಡಿ ನೋಡೋಣ" ಎಂದರು. ಕೊಡಲಿಲ್ಲ. ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ. ಯಾರೂ ಹೇಳಲಿಲ್ಲ ಸಾಹೇಬರೆ, ನಾನೇ ಅಂದಾಜಿನ ಮೇಲೆ ಬರೆದೆ, ಎಂದರು. ಹಸಿ ಬಣ್ಣ ಅವರ ಬಿಳಿ ಅಂಗಿಗೆ ಹತ್ತಿ ನೀಲಿ ಕಲೆಯಾಯಿತು. ಅವಮಾನವಾಗಿದೆ, ಬರೆದದ್ದನ್ನು ಮುಚ್ಚಿಕೊಳ್ಳುತ್ತಿದ್ದಾರೆ ಎಂದುಕೊಂಡೆ ನಾನು.

ಸಾಹೇಬರು ಆ ಮೂವರ ಕತೆ ಹೇಳಿದರು. ಎಲ್ಲರೂ ಬಗ್ಗಿ ಹೂವಿನ ಮೂರನೇ ಎಸಳು ನೋಡಿದರು. ಹೋಗುವಾಗ ಸಾಹೇಬರು, ಇದೊಂದು ಅಂದಾಜಾದರೆ ಉಳಿದವೂ ಅಂದಾಜೇ ಇರಬಹುದಲ್ಲ, ಮಕ್ಕಳ ವಿಷಯ, ಹುಷಾರಿ ಬೇಕು, ಎಂದು ವಹಿಯಲ್ಲಿ ಏನೋ ಗೀಚಿದರು. ಉಳಿದವೆಲ್ಲ ಖರೆ ಎಂದು ಆ ಸಭೆಯಲ್ಲಿ ಎದೆತಟ್ಟಿ ಹೇಳಬಲ್ಲ ಮನುಷ್ಯ ಒಬ್ಬನೇ ಇದ್ದ. ಒಂದೊಂದನ್ನೂ ಲೈಬ್ರರಿಯಲ್ಲಿ ತಾಳೆ ನೋಡಿದವನು. ಅವನು ಬಾಯಿ ತೆರೆಯಲಿಲ್ಲ.

ಮರಳಿ ಬರುವಾಗ ಬಸ್ಸಿನಲ್ಲಿ ಮಾಸ್ತರರು ಒಂದು ಸಲ ಮಾತ್ರ ಕೇಳಿದರು.

"ಆ ಮೂರನೇ ಎಸಳಿನ ಕತಿ ನಿಮಗ ಮೊದಲ ಗೊತ್ತಿತ್ತೇನ್ರಿ ಗುರುಗಳ?"

"ಇಲ್ರಿ. ನಾನೂ ಎಲ್ಲೋ ಓದಿದ್ದೆ, ನೀಲಿ ಕಣ್ಣು ಅಂತ."

"ಇರ್ಲಿ ಬಿಡ್ರಿ," ಎಂದರು. "ನೀಲಿ ಕಣ್ಣೂ ಚಲೋನ ಇತ್ತು."

ಮಕ್ಕಳಿಗೆ ಸುಳ್ಳು ಕಲಿಸಿದಂತಾಗುತ್ತದೆ, ತಗಡು ತಿರುಗಿ ಹಚ್ಚುವುದು ಬೇಡ ಎಂದು ಹೆಡ್‌ಮಾಸ್ತರರು ಹೇಳಿದರು. ಮಾಸ್ತರರು ಎದುರು ಮಾತಾಡದೆ ಚೀಲದ ಬಾಯಿ ಹೊಲಿದು ಅಟ್ಟಕ್ಕೆ ಏರಿಸಿದರು. ಗಿಡಗಳಲ್ಲಿ ಬರೀ ಮೊಳೆ ಉಳಿದವು. ನನಗೆ ಸಂತೋಷವಾಯಿತೇ ಎಂದರೆ, ಆಯಿತು. ಎರಡು ದಿನ ಹೊಟ್ಟೆತುಂಬ ಊಟ ಮಾಡಿದೆ. ಮೂರನೆಯ ದಿನ ವರ್ಗದಲ್ಲಿ ನಾನಾಗಿಯೇ ‘ಅಕೇಸಿಯಾ ಅಂದರೆ ಮೊನೆ, ಮುಳ್ಳು’ ಎಂದು ಶುರು ಮಾಡಿದೆ. ಲೈಬ್ರರಿಯಲ್ಲಿ ಕಲಿತದ್ದು ಇತ್ತಲ್ಲ, ಈಗ ಮೈದಾನ ಖಾಲಿ ಎಂದುಕೊಂಡೆ. ಮಕ್ಕಳು ವಹಿಯಲ್ಲಿ ಬರೆದುಕೊಂಡರು. ಒಬ್ಬರೂ ತಲೆಯೆತ್ತಲಿಲ್ಲ. ಅಂದು ಊಟದ ಬಿಡುವಿನಲ್ಲಿ ನೋಡಿದರೆ ಮಾಸ್ತರರು ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರು, ಮಕ್ಕಳು ಆಗಲೂ ಅವರ ಸುತ್ತಲೇ ಕುಳಿತಿದ್ದರು.

ನೀಲಿಕಣ್ಣಿ ಮಾತ್ರ ಹೋಗಲಿಲ್ಲ. ಈಗಲೂ ದಾಳಿಂಬೆ ತೋಟದಲ್ಲಿ ಕಳೆ ಕೀಳುವ ಹೆಂಗಸರು, "ಈ ನೀಲಿಕಣ್ಣಿ ಎಷ್ಟ ಕಿತ್ತರೂ ಮತ್ತ ಬರತೈತಿ ನೋಡವಾ" ಎನ್ನುತ್ತಾರೆ. ಆ ಹೆಸರು ಎಲ್ಲಿಂದ ಬಂತು ಎಂದು ಕೇಳಿದರೆ, ನಮ್ಮ ಡ್ರಾಯಿಂಗ್ ಸರ್ ಇಟ್ಟದ್ದು ಎನ್ನುತ್ತಾರೆ. ನನ್ನ ಜೀವಮಾನದಲ್ಲಿ ಈ ಊರಿಗೆ ನಾನು ಕೊಟ್ಟು ಉಳಿದ ಶಬ್ದ ಅದೊಂದೇ, ಅದೂ ಸುಳ್ಳು, ಅದಕ್ಕೂ ಅವರ ಹೆಸರು. ಹೊಟ್ಟೆ ಉರಿಯದೆ ಏನು ಮಾಡೀತು ಹೇಳಿ!

ಎರಡು ವರ್ಷಕ್ಕೆ ಅವರಿಗೆ ಕರಜಗಿಯ ಕಡೆಗೆ ಬದಲಿಯಾಯಿತು. ನಿವೃತ್ತಿಯಾದ ಮೇಲೆ ಉಟಗಿಯಲ್ಲೇ ಇದ್ದರು. ಆಗಾಗ ಬಸ್ ಸ್ಟ್ಯಾಂಡಿನಲ್ಲಿ ಕಂಡರೆ "ಬರ್ರಿ ಗುರುಗಳ, ಚಹಾ ಕುಡಿಯೂಣು" ಎನ್ನುತ್ತಿದ್ದರು. ನನಗೆ ಯಾವಾಗಲೂ ಅವಸರ ಇರುತ್ತಿತ್ತು. ತೀರಿಕೊಂಡ ಸುದ್ದಿ ಬೆಳಿಗ್ಗೆಯೇ ಬಂತು. ಅರ್ಧ ತಾಸಿನ ದಾರಿ. ಮಣ್ಣಿಗೆ ಹೋಗಲಿಲ್ಲ. ಮೊಣಕಾಲು ನೋವು ಎಂದು ಮನೆಯಲ್ಲಿ ಹೇಳಿದೆ...

ನಿನ್ನೆ ಬೆಳಿಗ್ಗೆ ಚೀಲ ಬಿಚ್ಚಿದೆ. ಮರುದಿನ ಆಕೆ ಬಂದು ಕೇಳುತ್ತಾಳಲ್ಲ ಎಂದು. ಹಿತ್ತಲ ಬಾವಿಕಟ್ಟೆಯ ಮೇಲೆ ಕುಳಿತು ಒಂದೊಂದನ್ನೇ ಒದ್ದೆ ಬಟ್ಟೆಯಿಂದ ಒರೆಸತೊಡಗಿದೆ. ಮೊದಲು ಬೇವು. ಮುಂದೆ ಒರೆಸಿ ಹಿಂದಕ್ಕೆ ತಿರುವಿದೆ. ಹಿಂಬದಿಯ ಮೂಲೆಯಲ್ಲಿ ಸಣ್ಣ ಬಿಳಿ ಅಕ್ಷರ ಕಂಡವು. ‘ಹೇಳಿದವರು: ಅತ್ತಾರ ಚಾಚಾ, ಜತ್ತ.’ ತುಂಬೆಯದು ತಿರುವಿದೆ. ‘ಹೇಳಿದವರು: ಪಾದ್ರಿ ಅಜ್ಜಾರು, ಮಿರಜ.’ ಜಾಲಿಯ ಹಿಂದೂ ಅದೇ. ನೆಗ್ಗಿಲ ಹಿಂದೂ ಅದೇ. ಮೊಳೆ ಹೊಡೆದು ಹಚ್ಚಿದರೆ ಗಿಡದ ಮೈಗೆ ತಾಗಿ ಯಾರಿಗೂ ಕಾಣದ ಜಾಗ. ಬೋರ್ಡು ಬರೆಯುವವರು ಮೂಲೆಯಲ್ಲಿ ತಮ್ಮ ಹೆಸರು ಹಾಕುತ್ತಾರೆ. ಈ ಮನುಷ್ಯ ಒಂದು ತಗಡಿನ ಮೇಲೂ ತಮ್ಮ ಹೆಸರು ಹಾಕಿರಲಿಲ್ಲ.

ಚೀಲದ ತಳದಲ್ಲಿ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಉಳಿದಿತ್ತು.

ಬಿಚ್ಚಿದೆ. ಮುಂಬದಿಯಲ್ಲಿ ಹೂವಿನ ಚಿತ್ರ, ಅಂಗಿಗೆ ಒತ್ತಿ ಸ್ವಲ್ಪ ಕದಡಿದ್ದು. ಎರಡು ಎಸಳಿಗೆ ದಟ್ಟ ನೀಲಿ. ಮೂರನೆಯದನ್ನು ಸಣ್ಣದಾಗಿ, ನೀರು ಬೆರೆಸಿದಂಥ ಬಣ್ಣದಲ್ಲಿ ಬರೆದಿದ್ದರು. ಕತೆ ಗೊತ್ತಾಗುವ ಮೊದಲೇ, ಬರೀ ಹೂವನ್ನು ನೋಡಿ. ತಿರುವಿದೆ. ಉಳಿದವೆಲ್ಲ ಬಿಳಿ ಅಕ್ಷರದಲ್ಲಿದ್ದರೆ ಇದು ಹಳದಿಯಲ್ಲಿತ್ತು. ಸುತ್ತ ತೆಳುವಾದ ಒಂದು ಬಳ್ಳಿಯ ಅಂಚು ಬೇರೆ ಎಳೆದಿದ್ದರು. ‘ಹೇಳಿದವರು: ನಮ್ಮ ಸಾಲಿಯ ವಿಜ್ಞಾನದ ಗುರುಗಳು.’

ಸಾಹೇಬರು ಕೈ ಚಾಚಿದಾಗ ಅವರು ಎದೆಗೆ ಒತ್ತಿಕೊಂಡದ್ದು ಯಾಕೆ ಎಂದು ಆಗ ತಿಳಿಯಿತು. ತಗಡು ಸಾಹೇಬರ ಕೈಗೆ ಹೋಗಿ ಒಂದು ಸಲ ತಿರುವಿದರೆ ನನ್ನ ಮಾನ ಅಲ್ಲೇ ಹೋಗುತ್ತಿತ್ತು. ತಪ್ಪು ನನ್ನದೊಂದೇ ಎಂದು ತಿಳಿದು ಅವರ ತಗಡುಗಳು ಗಿಡದ ಮೇಲೆ ಉಳಿಯುತ್ತಿದ್ದವು. ಬಾವಿಕಟ್ಟೆಯ ಮೇಲೆ ಕುಳಿತು ಅತ್ತೆ ಎಂದು ಬರೆದರೆ ಚಂದ ಕಾಣುತ್ತದೆ. ಖರೆ ಹೇಳುತ್ತೇನೆ, ಮೊದಲು ಬಂದದ್ದು ಸಿಟ್ಟು. ಒಳ್ಳೆಯತನದಲ್ಲೂ ಈ ಮನುಷ್ಯ ನನ್ನನ್ನು ಹಿಂದೆ ಹಾಕಿ ಹೋದರಲ್ಲ ಎಂದು. ಕಣ್ಣಲ್ಲಿ ನೀರು ಬಂದದ್ದು ಆಮೇಲೆ, ನಮ್ಮ ಮನೆಯವಳು ಒಳಗಿನಿಂದ "ಯಾಕ್ರಿ, ಏನಾತು?" ಎಂದು ಕೇಳಿದಾಗ.

ಮಧ್ಯಾಹ್ನ ಅಂಗಡಿಗೆ ಹೋಗಿ ಹಳದಿ ಬಣ್ಣದ ಚಿಕ್ಕ ಡಬ್ಬಿ, ಒಂದು ಸಣ್ಣ ಬ್ರಶ್ ತಂದೆ. ಮುಂಬದಿ ಮುಟ್ಟಲಿಲ್ಲ. ಹಿಂಬದಿಯಲ್ಲಿ ‘ಹೇಳಿದವರು’ ಎಂಬ ಶಬ್ದಕ್ಕಿಂತ ಮುಂಚೆ ಎರಡಕ್ಷರಕ್ಕೆ ಆಗುವಷ್ಟು ಜಾಗ ಇತ್ತು. ಅಲ್ಲಿ ‘ಸುಳ್ಳು’ ಎಂದು ಬರೆದೆ. ಒತ್ತಕ್ಷರ ಬಳ್ಳಿಯ ಅಂಚಿನ ಮೇಲೆ ಹರಿಯಿತು.

ಇವತ್ತು ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿ ಬಂದಳು. ಎಲ್ಲವನ್ನೂ ಎಣಿಸಿ ಚೀಲಕ್ಕೆ ಹಾಕಿದೆ. ಕೊನೆಯದನ್ನು ಆಕೆಯ ಕೈಗೆ ಕೊಟ್ಟು, "ಇದಕ್ಕ ಮೊಳಿ ಹೊಡೀಬ್ಯಾಡ್ರಿ. ತಂತಿ ಕಟ್ಟಿ ತೂಗು ಹಾಕ್ರಿ, ಮಕ್ಕಳಿಗೆ ಎರಡೂ ಕಡೆ ಕಾಣಬೇಕು," ಎಂದೆ. ಆಕೆ ಮುಂದೆ ನೋಡಿದಳು, ನಕ್ಕಳು. ತಿರುವಿ ಹಿಂದೆ ನೋಡಿದಳು. ಬಹಳ ಹೊತ್ತು ನೋಡಿದಳು. ನನ್ನ ಮುಖ ನೋಡಲಿಲ್ಲ.

"ಹಸಿ ಐತ್ರಿ ಸರ," ಎಂದಷ್ಟೇ ಹೇಳಿ ಸೀರೆಯ ತುಂಡಿನಲ್ಲಿ ಸುತ್ತತೊಡಗಿದಳು.

ಅವರ ಅಕ್ಷರದ ಪಕ್ಕ ನನ್ನದು ಸೊಟ್ಟಗೆ, ದಪ್ಪಗೆ ಕುಳಿತಿದೆ. ಇಷ್ಟು ವರ್ಷ ಅಟ್ಟದ ಧೂಳು ಕುಡಿದರೂ ಅವರ ಅಕ್ಷರ ನನ್ನದಕ್ಕಿಂತ ಚಂದವೇ ಇದೆ. ಒಂದು ಸಲ ಚಹಾಕ್ಕೆ ಕೂತಿದ್ದರೆ ಸಾಕಿತ್ತು, ಬಾಯಿಬಿಟ್ಟು ಹೇಳುತ್ತಿದ್ದೆನೇನೋ. ಈಗ ಉಟಗಿಯ ಬಸ್ ಹತ್ತಿದರೂ ಅಲ್ಲಿ ನನಗೆ ಚಹಾ ಕುಡಿಯೂಣು ಬರ್ರಿ ಎನ್ನುವವರು ಯಾರೂ ಇಲ್ಲ.